ಪ್ರವಾಹವು ರೋಧಕದಲ್ಲಿ ಕರಗುವುದಿಲ್ಲ



ಸರಣಿ ಮತ್ತು ಸಮಾಂತರ ಜೋಡಣೆಗಳ ಸೂತ್ರವನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯೂ ಒಂದು ಪ್ರಶ್ನೆಗೆ ತಡವರಿಸುವುದುಂಟು: ಮೊದಲನೆಯ ರೋಧಕವನ್ನು ದಾಟಿದ ಬಳಿಕ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೆಯೇ? ಅನೇಕರು ಹೌದೆನ್ನುತ್ತಾರೆ. ದೀಪದ ಎಣ್ಣೆಯಂತೆ ಪ್ರವಾಹವೂ ಉರಿದು ತೀರುತ್ತದೆಂಬುದು ಅವರ ಎಣಿಕೆ. ಅದನ್ನು ತಿದ್ದದೆ ಕಲಿಸಿದ ಸೂತ್ರವು ಬಾಯಿಪಾಠವಾಗಿಯೇ ಉಳಿಯುತ್ತದೆ.

ಎರಡು ಶುಷ್ಕಕೋಶಗಳ 3 ವೋಲ್ಟ್‌ಗೆ 10 ಓಮ್ ಮತ್ತು 20 ಓಮ್ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದೆವೆನ್ನೋಣ. ಒಟ್ಟು ರೋಧ 30 ಓಮ್, ಪ್ರವಾಹ 0.1 ಆಂಪಿಯರ್. ದಾರಿ ಒಂದೇ ಆದುದರಿಂದ ಅಮ್ಮೀಟರನ್ನು ಮೊದಲಿಗಿಟ್ಟರೂ ನಡುವೆಯಿಟ್ಟರೂ ಕೊನೆಗಿಟ್ಟರೂ ಅದೇ ಅಳತೆ. ಹಂಚಿಹೋಗುವುದು ವಿಭವಾಂತರ: ಒಂದಕ್ಕೆ 1 ವೋಲ್ಟ್, ಇನ್ನೊಂದಕ್ಕೆ 2 ವೋಲ್ಟ್. ರೋಧಕದಲ್ಲಿ ಶಾಖವಾಗಿ ಮಾರ್ಪಡುವುದು ಶಕ್ತಿಯೇ ಹೊರತು ಪ್ರವಾಹವಲ್ಲ.

ಅವನ್ನೇ ಸಮಾಂತರವಾಗಿ ಜೋಡಿಸಿದರೆ ಎರಡಕ್ಕೂ ಪೂರ್ಣ 3 ವೋಲ್ಟ್ ದೊರೆಯುತ್ತದೆ. ಪ್ರವಾಹವು 0.3 ಮತ್ತು 0.15 ಆಂಪಿಯರ್‌ಗಳಾಗಿ ಕವಲೊಡೆದು, ಮೂಲ ತಂತಿಯಲ್ಲಿ 0.45 ಆಂಪಿಯರ್ ಆಗುತ್ತದೆ. ಒಟ್ಟು ರೋಧ ಸುಮಾರು 6.7 ಓಮ್; ಚಿಕ್ಕ ರೋಧಕಕ್ಕಿಂತಲೂ ಕಡಿಮೆ. ರೋಧಕವನ್ನು ಸೇರಿಸಿದರೆ ರೋಧ ಕುಗ್ಗುವುದೆಂತು ಎಂದು ಮಕ್ಕಳು ಕೇಳಲಿ. ಸೇರಿದ್ದು ಮತ್ತೊಂದು ದಾರಿ. ಜಾತ್ರೆಯ ಅಂಗಳಕ್ಕೆ ಇಕ್ಕಟ್ಟಾದ ಎರಡನೆಯ ಬಾಗಿಲನ್ನು ತೆರೆದರೂ ಜನರು ಬೇಗ ಹೊರಬರುವರಲ್ಲವೇ?

ಮನೆಯ ಉಪಕರಣಗಳೆಲ್ಲವೂ ಸಮಾಂತರ ಜೋಡಣೆಯಲ್ಲಿರುತ್ತವೆ. ಒಂದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ, ಹೀಟರ್, ಮಿಕ್ಸಿಗಳನ್ನು ಒಟ್ಟಿಗೆ ಸಿಕ್ಕಿಸಿದರೆ ಅದರ ತಂತಿಯಲ್ಲಿ ಪ್ರವಾಹ ಏರಿ, ತಂತಿ ಕಾದು ಬೆಂಕಿ ಹತ್ತಬಹುದು. ಫ್ಯೂಸನ್ನು ಮಾತ್ರ ಸರಣಿಯಲ್ಲಿಡುವುದು, ಇಡೀ ಪ್ರವಾಹ ಅದರ ಮೂಲಕವೇ ಹಾಯಬೇಕೆಂಬ ಕಾರಣಕ್ಕೆ. ಈ ಪಾಠ ಅಂಕಗಳಿಗಾಗಿ ಮಾತ್ರವಲ್ಲ.

ಗಡಿನಾಡಿನ ತರಗತಿಗೆ ಇನ್ನೊಂದು ಹೊಣೆಯಿದೆ. ಕನ್ನಡದ 'ಸರಣಿ'ಯು ಮಲಯಾಳ, ತೆಲುಗುಗಳಲ್ಲಿ 'ಶ್ರೇಣಿ', ಮರಾಠಿಯಲ್ಲಿ 'ಏಕಸರ', ತಮಿಳಿನಲ್ಲಿ 'ತೊಡರ್'. 'ಸಮಾಂತರ'ವು ಉಳಿದ ಮೂರರಲ್ಲಿಯೂ ಸಮಾಂತರವೇ. ತಮಿಳಿನಲ್ಲಿ 'ಪಕ್ಕ' ಜೋಡಣೆ. ಕನ್ನಡದಲ್ಲಿ ಅರ್ಥ ನೆಲೆಗೊಂಡ ಮೇಲೆ ರಾಜ್ಯಭಾಷೆಯ ಪದವನ್ನೂ ಕರಿಹಲಗೆಯ ಮೇಲೆ ಬರೆದರೆ, ಮುಂದೆ ಮಾಧ್ಯಮ ಬದಲಾದಾಗ ಮಗು ಕಂಗೆಡುವುದಿಲ್ಲ.

ಸ್ವಿಚ್ ಒತ್ತುವ ಮುನ್ನ ಪ್ರತಿಯೊಬ್ಬರೂ ಅಮ್ಮೀಟರಿನ ಅಳತೆಯನ್ನು ಊಹಿಸಿ, ಕಾರಣವನ್ನು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆಯಲಿ. ಅನಂತರ ಅಳೆಯಲಿ. ಊಹೆ ತಪ್ಪಿದವರು ತಮ್ಮ ವಾಕ್ಯವನ್ನು ತಾವೇ ತಿದ್ದಿಕೊಳ್ಳಲಿ. ಸೂತ್ರವು ಆ ಬಳಿಕ ಬರಲಿ.