ಕಡಲಾಚೆಯ ದಾನ, ಊರೊಳಗಿನ ಲೆಕ್ಕ



ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು, ಈ ನಾಲ್ಕೂ ತಾಲ್ಲೂಕುಗಳು ಮಲೆನಾಡಿನ ಸೆರಗಿನಿಂದ ಬಯಲುಸೀಮೆಯವರೆಗೆ ಹರಡಿಕೊಂಡಿವೆ. ಮಳೆ, ಮಣ್ಣು, ಬೆಳೆಗಳಲ್ಲಿ ವ್ಯತ್ಯಾಸವಿದ್ದರೂ ಎಲ್ಲೆಡೆಯೂ ಬದುಕಿನ ಆಧಾರ ಎರಡೇ: ಹಿರಿಯರು ಕಟ್ಟಿದ ಕೆರೆ ಮತ್ತು ಊರಿಗೆಲ್ಲ ಸೇರಿದ ಗೋಮಾಳ, ಗುಡ್ಡ, ಕಾಡು. ಇವುಗಳ ರಕ್ಷಣೆಗಾಗಿ ಒಂದು ಧರ್ಮಾರ್ಥ ಪ್ರತಿಷ್ಠಾನವನ್ನು ಸ್ಥಾಪಿಸಿ, ವಿದೇಶಗಳಲ್ಲಿರುವ ದಾನಿಗಳಿಂದ ನಿಧಿ ಸಂಗ್ರಹಿಸಬೇಕೆಂಬ ವಿಚಾರ ಸಹಜವಾಗಿಯೇ ಹುಟ್ಟುತ್ತದೆ. ಹಣ ಬಂದೀತೇ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ಬಂದ ಹಣದಿಂದ ಯಾವ ಕೆಲಸವಾಗಬೇಕೆಂದು ನಿರ್ಧರಿಸುವವರು ಯಾರು ಎಂಬುದು ಮೊದಲನೆಯದು.

ಈ ಸೀಮೆಗೆ ಇದು ಹೊಸ ಅನುಭವವಲ್ಲ. 1974ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ನೆಲೆಸಿದ್ದ ಭಾರತೀಯರು ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಭಾರತದ ಹಳ್ಳಿಗಳ ಕೆಲಸಕ್ಕೆ ಅಲ್ಲಿಂದ ನೆರವು ಒದಗಿಸುವುದು ಅವರ ಉದ್ದೇಶವಾಗಿತ್ತು. ಆ ಬಳಗದವರಾದ ಎಸ್. ಆರ್. ಹಿರೇಮಠ ಮತ್ತು ಅವರ ಪತ್ನಿ ಶ್ಯಾಮಲಾ ಹಿರೇಮಠ 1979ರಲ್ಲಿ ಇಲ್ಲಿಗೇ ಬಂದು, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕಾರ್ಯವನ್ನು ಆರಂಭಿಸಿದರು. ಹಣದೊಡನೆ ಮನುಷ್ಯರೂ ಬಂದರು, ಹಳ್ಳಿಯಲ್ಲಿ ನಿಂತರು ಎಂಬುದು ಗಮನಿಸತಕ್ಕ ಸಂಗತಿ. ಮುಂದೆ 1984ರಲ್ಲಿ ಹಿರೇಮಠರ ಮುಂದಾಳುತನದಲ್ಲಿ ಧಾರವಾಡದ ಸಮಾಜ ಪರಿವರ್ತನ ಸಮುದಾಯ ರೂಪುಗೊಂಡಿತು.

ಅದೇ 1984ರಲ್ಲಿ ಮತ್ತೊಂದು ಬಗೆಯ ಬಂಡವಾಳವೂ ಈ ನೆಲಕ್ಕೆ ಕಾಲಿಟ್ಟಿತು. ಸರ್ಕಾರದ ಅರಣ್ಯ ನಿಗಮ ಮತ್ತು ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿದವು. ಹಲವು ಜಿಲ್ಲೆಗಳ ಸುಮಾರು 75,000 ಎಕರೆ ಸಿ ಮತ್ತು ಡಿ ವರ್ಗದ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವುದು ಅದರ ಗುರಿ. ಅದು ಜನರು ಸೊಪ್ಪು, ಸೌದೆ, ಮೇವು ತರುತ್ತಿದ್ದ ಭೂಮಿ. ಅವರನ್ನು ಯಾರೂ ಕೇಳಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. ಇತ್ತ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ದಾವೆ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಬೇಕಾಯಿತು.

ನೀಲಗಿರಿ ಆಸ್ಟ್ರೇಲಿಯಾದ ಮರ. ಸವಣೂರಿನ ದೊಡ್ಡಹುಣಸೆ ಆಫ್ರಿಕಾದ ಮರ. ಒಂದನ್ನು ಜನ ಕಿತ್ತರು, ಇನ್ನೊಂದನ್ನು ತಲೆತಲಾಂತರದಿಂದ ತಮ್ಮದೆಂದೇ ಕಾಪಾಡಿಕೊಂಡು ಬಂದರು. ಹೊರಗಿನಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಯಾವುದೂ ಕೆಟ್ಟದ್ದಾಗುವುದಿಲ್ಲ. ಊರಿನ ಒಪ್ಪಿಗೆಯಿಲ್ಲದೆ ಊರಿನ ನೆಲವನ್ನು ಹಿಡಿದಾಗ ಅದು ಕೆಡುಕಾಗುತ್ತದೆ. ದಾನದ ಹಣಕ್ಕೂ ಈ ಮಾತು ಸಲ್ಲುತ್ತದೆ.

ಇನ್ನು ಕಾನೂನಿನ ವಿಚಾರ. ವಿದೇಶಿ ವಂತಿಗೆಯನ್ನು ನಿಯಂತ್ರಿಸುವ ಮೊದಲ ಕಾಯ್ದೆ 1976ರಲ್ಲಿ ಬಂದಿತು. ಅದರ ಸ್ಥಾನದಲ್ಲಿ 2010ರ ಕಾಯ್ದೆ ಬಂದು, 2020ರಲ್ಲಿ ಮತ್ತಷ್ಟು ಬಿಗಿಯಾಯಿತು. ಪ್ರತಿಷ್ಠಾನವು ಟ್ರಸ್ಟ್ ಆಗಿಯೋ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಸಂಘವಾಗಿಯೋ ಹುಟ್ಟಿದ ಮಾತ್ರಕ್ಕೆ ವಿದೇಶಿ ಹಣ ಪಡೆಯುವಂತಿಲ್ಲ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ಅದಕ್ಕಾಗಿ ಸಂಸ್ಥೆಗೆ 3 ವರ್ಷ ತುಂಬಿರಬೇಕು ಮತ್ತು ಹಿಂದಿನ 3 ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಕಾರ್ಯಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ಹೊಸ ಸಂಸ್ಥೆಯು ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಕೆಲಸಕ್ಕಾಗಿ, ನಿರ್ದಿಷ್ಟ ಮೊತ್ತ ಪಡೆಯಲು ಪೂರ್ವಾನುಮತಿ ಕೋರಬಹುದು. ವಿದೇಶಿ ಹಣವು ದೆಹಲಿಯ ಭಾರತೀಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಮೊದಲು ಬರಬೇಕು. ಆಡಳಿತದ ಖರ್ಚು ಶೇಕಡಾ 20ನ್ನು ಮೀರಬಾರದು. ಹಣಕಾಸು ವರ್ಷ ಮುಗಿದ 9 ತಿಂಗಳೊಳಗೆ ವಾರ್ಷಿಕ ಲೆಕ್ಕ ಸಲ್ಲಿಸಬೇಕು. ನೋಂದಣಿಯ ಅವಧಿ 5 ವರ್ಷ.

ಇವೆಲ್ಲಕ್ಕಿಂತ ಹಳ್ಳಿಗಳಿಗೆ ಹೆಚ್ಚು ತಟ್ಟಿದ್ದು 2020ರ ಇನ್ನೊಂದು ನಿಯಮ: ವಿದೇಶಿ ವಂತಿಗೆ ಪಡೆದ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಿಂದೆ ನಗರದ ದೊಡ್ಡ ಸಂಸ್ಥೆಯೊಂದು ನಿಧಿ ತಂದು ತಾಲ್ಲೂಕಿನ ಸಣ್ಣ ಸಂಘಗಳಿಗೆ ಹಂಚಬಹುದಾಗಿತ್ತು. ಆ ದಾರಿ ಈಗ ಮುಚ್ಚಿದೆ. ಆದ್ದರಿಂದ ಒಂದು ಕೇಂದ್ರ ಪ್ರತಿಷ್ಠಾನ ಹಣ ತಂದು ನಾಲ್ಕು ತಾಲ್ಲೂಕುಗಳ ಕೆರೆ ಸಂಘಗಳಿಗೆ ಕೊಡುತ್ತದೆಂಬ ಯೋಜನೆ ನಡೆಯುವಂಥದ್ದಲ್ಲ. ಪ್ರತಿಷ್ಠಾನವೇ ಕೆಲಸ ಮಾಡಿಸಬೇಕು, ಆಯಾ ಊರಿನವರೇ ಅದರ ಸದಸ್ಯರಾಗಿರಬೇಕು.

15 ಲಕ್ಷವೆಂದರೆ ಎದೆಗುಂದಬೇಕಾಗಿಲ್ಲ. ವರ್ಷಕ್ಕೆ 5 ಲಕ್ಷ, ತಾಲ್ಲೂಕೊಂದಕ್ಕೆ ವರ್ಷಕ್ಕೆ 1 ಲಕ್ಷ 25 ಸಾವಿರ. ಸುಗ್ಗಿಯ ಕಾಣಿಕೆ, ವರ್ತಕರ ವಂತಿಗೆ, ಊರು ಬಿಟ್ಟು ಬೆಂಗಳೂರು ಸೇರಿದವರ ನೆರವು ಇವುಗಳಿಂದ ಇಷ್ಟನ್ನು ಕೂಡಿಸಬಹುದು. ಮೊದಲ 3 ವರ್ಷ ಊರಿನ ಹಣದಿಂದಲೇ ದುಡಿದ ಸಂಸ್ಥೆಗೆ ತನ್ನ ಕೆಲಸ ಯಾವುದೆಂಬುದು ಖಚಿತವಾಗಿರುತ್ತದೆ. ದಾನಿ ಹೇಳಿದ ದಿಕ್ಕಿಗೆಲ್ಲ ಅದು ತಿರುಗುವುದಿಲ್ಲ.

ವಿದೇಶದಲ್ಲಿರುವ ಊರಿನ ಮಕ್ಕಳ ವಿಷಯದಲ್ಲಿ ಒಂದು ಭೇದವನ್ನು ತಿಳಿಯಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆ ಎನಿಸುವುದಿಲ್ಲ. ಅನ್ಯದೇಶದ ಪೌರತ್ವ ಪಡೆದವರ ಹಣ, ಅವರು ಹಾನಗಲ್ಲಿನಲ್ಲೇ ಹುಟ್ಟಿದ್ದರೂ, ವಿದೇಶಿ ವಂತಿಗೆಯೇ. ಅಲ್ಲಿನ ಕನ್ನಡ ಸಂಘವೊಂದು ಕಳುಹಿಸಿದ ಹಣವೂ ಹಾಗೆಯೇ. ಆದಕಾರಣ ರಸೀದಿ ಬರೆಯುವ ಮುನ್ನ ದಾನಿಯ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ, ಪ್ರತಿಯನ್ನು ಕಡತದಲ್ಲಿ ಇಡುವುದು ಕ್ಷೇಮ.

ಕೆಲಸದ ಆಯ್ಕೆಯಲ್ಲೂ ವಿವೇಕ ಬೇಕು. ಕೆರೆಯ ಹೂಳೆತ್ತುವುದು ಫೋಟೋದಲ್ಲಿ ಚೆನ್ನಾಗಿ ಕಾಣುವ ಕೆಲಸ, ದಾನಿಗಳಿಗೂ ಪ್ರಿಯ. ಆದರೆ ಜಲಾನಯನದ ಗುಡ್ಡ ಬೋಳಾಗಿದ್ದರೆ ಮಳೆಯೊಡನೆ ಮಣ್ಣು ಮತ್ತೆ ಇಳಿದುಬರುತ್ತದೆ. ಗುಡ್ಡದ ಹಸಿರು, ನೀರು ಬರುವ ಹಳ್ಳ, ಏರಿ, ತೂಬು, ಕೋಡಿ ಇವೆಲ್ಲ ಸೇರಿದರೆ ಕೆರೆ. ಹೂಳನ್ನು ರೈತರು ತಮ್ಮ ಬಂಡಿ, ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಸಾಗಿಸಿಕೊಂಡರೆ ಖರ್ಚೂ ಇಳಿಯುತ್ತದೆ, ಮಣ್ಣಿನಲ್ಲಿ ತೇವವೂ ಹೆಚ್ಚು ದಿನ ನಿಲ್ಲುತ್ತದೆ. ವರ್ಷವರ್ಷದ ದುರಸ್ತಿಯ ಹಣ ಊರಿನದೇ ಆಗಿರಬೇಕು. ಏಕೆಂದರೆ ದಾನದ ಅವಧಿ ಮುಗಿಯುತ್ತದೆ, ನೋಂದಣಿ ನವೀಕರಣವಾಗದೆಯೂ ಹೋಗಬಹುದು. ಕೋಡಿ ಒಡೆಯುವ ಮಳೆ ಅದಕ್ಕಾಗಿ ಕಾಯುವುದಿಲ್ಲ.

ಪ್ರತಿಷ್ಠಾನದ ನಿಯಮಾವಳಿಯಲ್ಲಿ ಮೂರು ಮಾತುಗಳನ್ನು ಮೊದಲೇ ಬರೆದಿಡುವುದು ಉಚಿತ. ನಾಲ್ಕೂ ತಾಲ್ಲೂಕುಗಳಿಂದ ವಿಶ್ವಸ್ತರಿರಬೇಕು, ಅವರಲ್ಲಿ ಹೆಣ್ಣುಮಕ್ಕಳೂ ಗೋಮಾಳವನ್ನೇ ನಂಬಿ ದನ ಕುರಿ ಸಾಕುವವರೂ ಸೇರಿರಬೇಕು. ಊರಿನ ಸಭೆ ಒಪ್ಪದ ಕೆಲಸಕ್ಕೆ ಎಷ್ಟೇ ಹಣ ಬಂದರೂ ಕೈಹಾಕಬಾರದು. ಪ್ರತಿ ವರ್ಷದ ಲೆಕ್ಕವನ್ನು ದೆಹಲಿಗೆ ಕಳುಹಿಸುವ ಮುನ್ನ ಆಯಾ ಊರಿನಲ್ಲಿ ಕನ್ನಡದಲ್ಲಿ ಓದಿಹೇಳಬೇಕು.

ಓದಿದ ಮಕ್ಕಳು ಈ ಲೆಕ್ಕ ಬರೆಯುವ ಹೊಣೆ ಹೊರಲಿ. ಹಿರಿಯರು ಯಾವ ಕೆರೆಯಿಂದ ಕೆಲಸ ಆರಂಭಿಸಬೇಕೆಂದು ಹೇಳಲಿ. ಮುಂದಿನ ಮಳೆಗಾಲದೊಳಗೆ ತಾಲ್ಲೂಕಿಗೊಂದು ಸಭೆ ಸೇರಿ, ಊರಿನ ಮೊದಲ ವಂತಿಗೆಗೆ ರಸೀದಿ ಹರಿಯಲಿ. ಕಡಲಾಚೆಯ ದಾನಿಗೆ ಪತ್ರ ಬರೆಯುವುದು ಆಮೇಲಿನ ಕೆಲಸ.