ಕಲ್ಲು, ಓಲೆ, ಅಚ್ಚು: ನಮ್ಮ ಲಿಪಿಯ ಕಥೆ

(ಶ್ರೀಮಠದ ಮಹೋತ್ಸವದ ಎರಡನೆಯ ದಿನ ದಾವಣಗೆರೆಯಲ್ಲಿ ಮಾಡಿದ ಭಾಷಣ)

 ಲಿಪಿಯ ಉತ್ಪತ್ತಿಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ನಾನು ಶಾಸನಪಂಡಿತನಲ್ಲ, ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತ ಆಯುಷ್ಯವನ್ನು ಕಳೆದ ಉಪಾಧ್ಯಾಯನು. ಆದರೂ ಅಪ್ಪಣೆಯನ್ನು ಒಪ್ಪಿಕೊಂಡುದಕ್ಕೆ ಕಾರಣವೊಂದುಂಟು. ಅಕ್ಷರದ ವಿಷಯದಲ್ಲಿ ನನ್ನ ಮೇಲೆ ಒಂದು ಹಳೆಯ ಋಣವಿದೆ.

ನಮ್ಮ ಮನೆಯ ಅಟ್ಟದ ಮೇಲೆ ಓಲೆಗರಿಯ ಕಟ್ಟುಗಳಿದ್ದುವು. ಶ್ರಾವಣಮಾಸದಲ್ಲಿ ಅವನ್ನು ಕೆಳಗಿಳಿಸಿ, ವಿಭೂತಿ ಪತ್ರೆಗಳನ್ನೇರಿಸಿ, ಮತ್ತೆ ಅಟ್ಟಕ್ಕೆ ಸೇರಿಸುವುದು ವಾಡಿಕೆ. ನಮ್ಮಜ್ಜನವರು ಲಿಂಗೈಕ್ಯರಾದ ಮೇಲೆ ಅವನ್ನು ಓದಬಲ್ಲವರು ಮನೆಯಲ್ಲಿ ಉಳಿಯಲಿಲ್ಲ. ಹುಳು ಹಿಡಿಯಿತು. ಪೂಜೆಗೊಂಡ ವಸ್ತುವನ್ನು ತಿಪ್ಪೆಗೆ ಹಾಕಬಾರದೆಂದು ಹಿರಿಯರು ಆಲೋಚಿಸಿ, ಹರಿಹರಕ್ಕೆ ಒಯ್ದು ತುಂಗಭದ್ರೆಯಲ್ಲಿ ಬಿಡಿಸಿದರು. ಬುಟ್ಟಿಯನ್ನು ಹೊತ್ತವನು ನಾನೇ. ಕಟ್ಟಿನ ದಾರ ಕಳಚಿ ಗರಿಗಳು ಒಂದೊಂದಾಗಿ ತೇಲಿಹೋದುವು. ಅನಂತರ ನಾವು ಹರಿಹರೇಶ್ವರನ ಗುಡಿಗೆ ಹೋಗಿ, ಆಳೆತ್ತರದ ಒಂದು ಶಾಸನದ ಕಲ್ಲಿನ ನೆರಳಿನಲ್ಲಿ ಕುಳಿತು ಬುತ್ತಿಯನ್ನುಂಡೆವು. ನದಿಗೆ ಬಿಟ್ಟುದನ್ನೂ ಓದಿರಲಿಲ್ಲ, ಬೆನ್ನಿಗೆ ಆನಿಸಿಕೊಂಡುದನ್ನೂ ಓದಲಿಲ್ಲ. ಆ ದಿನವು ಈಗಲೂ ನನ್ನನ್ನು ಕಾಡುವುದು.

ಇನ್ನು ಪ್ರಕೃತಕ್ಕೆ ಬರೋಣ. ಬರವಣಿಗೆಯು ಲೋಕದಲ್ಲಿ ಒಂದೇ ಕಡೆ ಹುಟ್ಟಿದುದಲ್ಲ. ಸುಮೇರಿನವರು ಧಾನ್ಯದ ಲೆಕ್ಕವನ್ನಿಡಲು ಹಸಿಯ ಮಣ್ಣಿನ ಹಲಗೆಯ ಮೇಲೆ ಗುರುತುಗಳನ್ನೊತ್ತಿದರು. ಈಜಿಪ್ಟಿನವರು ಚಿತ್ರಗಳನ್ನು ಬರೆದರು. ಚೀನದವರು ಎಲುಬುಗಳ ಮೇಲೆ ಕೊರೆದರು. ಈಜಿಪ್ಟಿನ ಚಿತ್ರಗಳಿಂದ ಪ್ರೇರಿತರಾದ ಪಶ್ಚಿಮ ಏಷ್ಯದ ಜನರು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ, ಒಂದು ಧ್ವನಿಗೆ ಒಂದು ಗುರುತು ಸಾಕೆಂಬುದನ್ನು ಕಂಡುಕೊಂಡರು. ಅವರ ಮೊದಲಕ್ಷರದ ಹೆಸರು ಆಲೆಫ್, ಎಂದರೆ ಎತ್ತು. ಎರಡನೆಯದು ಬೇತ್, ಎಂದರೆ ಮನೆ. ರೋಮನ್ ಲಿಪಿಯ ಮೊದಲಕ್ಷರವನ್ನು ತಲೆಕೆಳಗು ಮಾಡಿ ನೋಡಿರಿ, ಕೊಂಬುಳ್ಳ ಬಸವನ ಮುಖವು ಕಾಣುವುದು! ಬಸವಣ್ಣನವರ ಭಕ್ತರಾದ ನಿಮಗೆ ಇದರಿಂದ ಸಂತೋಷವಾಗುವುದೆಂದು ಬಲ್ಲೆ. ಆದರೆ ಅದಕ್ಕೂ ನಮಗೂ ನಂಟಿದೆಯೆಂದು ಹೇಳುವ ಸಾಹಸವನ್ನು ನಾನು ಮಾಡಲಾರೆ.

ಭರತಖಂಡದ ಲಿಪಿಗಳಿಗೆ ತಾಯಿ ಬ್ರಾಹ್ಮೀ. ಅದು ಪಶ್ಚಿಮದ ಅರಮಾಯಿಕ ಲಿಪಿಯಿಂದ ಬಂದಿತೆಂದು ಕೆಲವರೂ, ಇಲ್ಲಿಯೇ ಹುಟ್ಟಿತೆಂದು ಕೆಲವರೂ ಇಂದಿಗೂ ವಾದಿಸುತ್ತಿರುವರು. ಸಿಂಧೂ ಬಯಲಿನ ಮುದ್ರೆಗಳನ್ನು ಎಲ್ಲರೂ ಒಪ್ಪುವಂತೆ ಓದಿದವರು ಇನ್ನೂ ಇಲ್ಲ. ಮೂಲವು ಎಲ್ಲಿಯದಾದರೂ ಆಗಲಿ, ಕಂಠ, ತಾಲು, ಮೂರ್ಧ, ದಂತ, ಓಷ್ಠಗಳೆಂಬ ಸ್ಥಾನಗಳನ್ನು ಹಿಡಿದು ಧ್ವನಿಗಳನ್ನು ವರ್ಗವರ್ಗವಾಗಿ ಕೂಡಿಸಿದ ಏರ್ಪಾಡು ನಮ್ಮ ಶಿಕ್ಷಾಶಾಸ್ತ್ರದ್ದು. ನಮ್ಮ ಕೂಸು ಕ ಖ ಗ ಘ ಎನ್ನುವಾಗ ತನಗರಿಯದೆಯೇ ಆ ಶಾಸ್ತ್ರವನ್ನು ಪಠಿಸುತ್ತದೆ.

ಈ ಬ್ರಾಹ್ಮಿಯನ್ನು ನೋಡಲು ನೀವು ದೂರ ಹೋಗಬೇಕಾಗಿಲ್ಲ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಧರ್ಮಲಿಪಿಗಳಿವೆ. ಬಿ. ಎಲ್. ರೈಸ್ ಸಾಹೇಬರು ೧೮೯೨ರಲ್ಲಿ ಅವನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬರೆದು, 'ಲಿಪಿಕಾರನಿಂದ' ಎಂಬರ್ಥದ ಒಂದೇ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಖರೋಷ್ಠಿಯು ಗಾಂಧಾರದ ಕಡೆಯ ಲಿಪಿ. ಈತನು ಆ ಸೀಮೆಯಿಂದ ಬಂದವನಾಗಿರಬೇಕೆಂದು ವಿದ್ವಾಂಸರ ಊಹೆ. ಬಂಡೆಗಲ್ಲುಗಳ ನಡುವೆ, ತನ್ನ ಲಿಪಿಯನ್ನು ಬಲ್ಲವರು ಒಬ್ಬರೂ ಇಲ್ಲದ ನಾಡಿನಲ್ಲಿ, ಆತನು ಆ ಒಂದು ಪದವನ್ನು ಯಾರಿಗಾಗಿ ಬರೆದನೋ! ದೊಡ್ಡ ಅರಸನ ಮಾತಿಗಿಂತ ಈ ಬಡ ಬರಹಗಾರನ ಒಂದು ಪದವೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುತ್ತದೆ.

ಇಂತಹ ಬ್ರಾಹ್ಮಿಯನ್ನು ಓದುವ ವಿದ್ಯೆಯೇ ಶತಮಾನಗಳ ಕಾಲ ಮರೆತುಹೋಗಿತ್ತು. ೧೮೩೭ರಲ್ಲಿ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ ಎಂಬ ಮಹನೀಯನು ಅದನ್ನು ಬಿಡಿಸಿದನು. ಸಾಂಚಿಯ ಸ್ತೂಪದ ಸಣ್ಣ ಸಣ್ಣ ಬರಹಗಳೆಲ್ಲ ಒಂದೇ ಜೋಡಿ ಅಕ್ಷರಗಳಿಂದ ಮುಗಿಯುತ್ತಿರುವುದನ್ನು ಆತನು ಕಂಡನು. ಭಕ್ತರು ಕೊಟ್ಟ ಕಾಣಿಕೆಗಳ ಬರಹವಾದ್ದರಿಂದ ಅದು 'ದಾನಂ' ಎಂದೇ ಆಗಿರಬೇಕೆಂದು ಊಹಿಸಿದನು. ಊಹೆ ನಿಜವಾಯಿತು. ಮುಚ್ಚಿಹೋಗಿದ್ದ ಬಾಗಿಲು ತೆರೆದುದು ದಾನವೆಂಬ ಪದದಿಂದ ಎಂಬುದನ್ನು ದಾಸೋಹದ ಮನೆಯಲ್ಲಿ ಹೇಳುವುದಕ್ಕೆ ನನಗೆ ಹಿತವೆನಿಸುತ್ತದೆ.

ಬ್ರಾಹ್ಮಿಯೇ ಕದಂಬ, ಚಾಲುಕ್ಯರ ಕಾಲಗಳಲ್ಲಿ ಮೆಲ್ಲಮೆಲ್ಲನೆ ರೂಪವನ್ನು ಬದಲಿಸಿ ಕನ್ನಡವಾಯಿತು. ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣರು ಬೆಳಕಿಗೆ ತಂದ ಹಲ್ಮಿಡಿಯ ಶಾಸನವು ಸುಮಾರು ಕ್ರಿ.ಶ. ೪೫೦ರದು. ೨೦೧೩ರಲ್ಲಿ ತಾಳಗುಂದದಲ್ಲಿ ದೊರೆತುದನ್ನು ಅದಕ್ಕಿಂತಲೂ ಹಿಂದಿನದೆಂದು ಹೇಳುವರು. ಕನ್ನಡಕ್ಕೂ ತೆಲುಗಿಗೂ ಬಹುಕಾಲ ಒಂದೇ ಲಿಪಿಯಿದ್ದಿತು. ಅಣ್ಣತಮ್ಮಂದಿರು ಬೇರೆಯಾದುದು ಬಹಳ ತಡವಾಗಿ.

ಹರಿಹರದ ವಿಷಯಕ್ಕೆ ಬರುತ್ತೇನೆ. ಅಲ್ಲಿ ದೊರೆತ ಚಾಲುಕ್ಯ ವಿನಯಾದಿತ್ಯನ ತಾಮ್ರಪಟವು ಶಕ ೬೧೬ರದು, ಎಂದರೆ ಕ್ರಿ.ಶ. ೬೯೪. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಈಗಿರುವ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಕಲ್ಲುಗಳನ್ನು ರೈಸ್ ಸಾಹೇಬರು ೧೯೦೩ರ ತಮ್ಮ ಹನ್ನೊಂದನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಲೆಕ್ಕದಲ್ಲಿ ಅಚ್ಚು ಹಾಕಿಸಿದ್ದಾರೆ. ಆಗ ಇದೆಲ್ಲವೂ ಚಿತ್ರದುರ್ಗ ಜಿಲ್ಲೆ. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹೊದಿಸಿ, ಕುಂಚದಿಂದ ತಟ್ಟಿ, ಮೇಲೆ ಮಸಿಯನ್ನೊತ್ತಿದರೆ ಅಕ್ಷರಗಳು ಬೆಳ್ಳಗೆ ಎದ್ದು ಬರುವುವು. ನಾನು ಬೆನ್ನು ಆನಿಸಿದ್ದ ಕಲ್ಲನ್ನು ಮುಂದೆ ಪುಸ್ತಕದ ಸಹಾಯದಿಂದ ಬೆರಳಿಟ್ಟು ಓದಿದೆನು. ನಮಗೆ ಅಪರಿಚಿತವಾದ ಎರಡು ಅಕ್ಷರಗಳು ಅಂತಹ ಕಲ್ಲುಗಳಲ್ಲಿ ಸಿಕ್ಕುತ್ತವೆ: ಱ ಮತ್ತು ೞ. ಹದಿಮೂರನೆಯ ಶತಮಾನದ ಕೇಶಿರಾಜನು ಕನ್ನಡಕ್ಕೆ ನಲವತ್ತೇಳು ಅಕ್ಷರಗಳೆಂದು ಎಣಿಸಿ ಇವೆರಡಕ್ಕೂ ಸ್ಥಾನ ಕೊಟ್ಟನು. ಅಷ್ಟರೊಳಗೆ ಜನರ ನಾಲಗೆಯಲ್ಲಿ ಇವುಗಳ ಭೇದವು ಕರಗತೊಡಗಿತ್ತು. ಶಿವಕವಿಯಾದ ಹರಿಹರನು ರಳ, ಕುಳ, ಕ್ಷಳಗಳ ಕಟ್ಟಿಗೆ ತಾನು ಒಳಗಾಗುವುದಿಲ್ಲವೆಂದು ಮೊದಲೇ ಸಾರಿಬಿಟ್ಟನು. ವೈಯಾಕರಣನು ಕಾಪಾಡಿದನು, ಕವಿಯು ಕಿತ್ತೊಗೆದನು. ಜನರು ಕವಿಯ ಹಿಂದೆ ಹೋದರು. ಉಪಾಧ್ಯಾಯನಾದ ನಾನು ಯಾರ ಕಡೆ ಎಂದು ಕೇಳಬೇಡಿರಿ!

ಕಲ್ಲು ಅರಸರದು, ಶ್ರೀಮಂತರದು; ಶರಣರ ಮಾತುಗಳು ಉಳಿದುದು ಓಲೆಯಲ್ಲಿ. ತಾಳೆಯ ಗರಿಯನ್ನು ಹದಮಾಡಿ ಒಣಗಿಸಿ, ಕಬ್ಬಿಣದ ಕಂಠದಿಂದ ಗೀಚಿ, ಕಾಡಿಗೆಯನ್ನು ಸವರಿದರೆ ಬರಹವು ಕಾಣುವುದು. ಗರಿಯ ಎಳೆಯ ಉದ್ದಕ್ಕೂ ನೆಟ್ಟನೆಯ ಗೆರೆಯನ್ನೆಳೆದರೆ ಅದು ಸೀಳುವುದಾದ್ದರಿಂದ ನಮ್ಮ ಅಕ್ಷರಗಳು ಇಷ್ಟು ದುಂಡಾದುವೆಂದು ಹಲವರ ಅಭಿಪ್ರಾಯ. ಈ ದಾವಣಗೆರೆಯಂತಹ ಪೇಟೆಗಳ ವರ್ತಕರದು ಬೇರೆ ದಾರಿ: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಮಡಿಸಿದ ಕಡತ, ಅದರ ಮೇಲೆ ಬಳಪದ ಬರಹ. ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದು. ಸಾಲಗಾರರಿಗೆ ಇದು ಪ್ರಿಯವಾಗಿತ್ತೋ ಇಲ್ಲವೋ ನಾನರಿಯೆ.

ಓಲೆಗೆ ಆಯುಷ್ಯವು ಕೆಲವೇ ಶತಮಾನಗಳು. ನಕಲು ಮಾಡುವವರು ಇರುವವರೆಗೆ ಮಾತ್ರ ಗ್ರಂಥವು ಬದುಕುವುದು. ಅಚ್ಚಿನ ಮೊಳೆಗಳು ಬಂದುವು. ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಕೇರಿಯ ಕನ್ನಡ ವ್ಯಾಕರಣವು ಅಚ್ಚಾಯಿತು. ೧೮೪೧ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಆರಂಭವಾಯಿತು. ನಮ್ಮ ಊರಿನಲ್ಲಿಯೇ ಹರ್ಡೇಕರ್ ಮಂಜಪ್ಪನವರು ೧೯೦೬ರಲ್ಲಿ 'ಧನುರ್ಧಾರಿ' ಪತ್ರಿಕೆಯನ್ನು ಹೊರಡಿಸಿದರು. ಆದರೆ ಅಚ್ಚಿನ ಕೂಟಕ್ಕೆ ಓಲೆಗಳನ್ನು ತಂದವರು ಯಾರು? ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮನೆಮನೆಯ ಕಟ್ಟುಗಳನ್ನು ಬಿಚ್ಚಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು; ೧೯೨೫ರಲ್ಲಿ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿದರು. ಇಂದು ನಾವು ಸಭೆಗಳಲ್ಲಿ ಕಂಠಪಾಠವಾಗಿ ಹೇಳುವ ವಚನಗಳಲ್ಲಿ ಎಷ್ಟೋ ಅಂದು ಯಾರದೋ ಅಟ್ಟದ ಮೇಲಿದ್ದುವು. ನಾವು ಹೊಳೆಗೆ ಬಿಟ್ಟ ಬುಟ್ಟಿಯಲ್ಲಿ ಏನಿತ್ತು? ಪುರಾಣವೋ, ವೈದ್ಯವೋ, ಬರಿಯ ಜೋಳದ ಲೆಕ್ಕವೋ? ಜೋಳದ ಲೆಕ್ಕವೇ ಆಗಿದ್ದರೂ, ಬರಗಾಲದಲ್ಲಿ ಯಾರು ಯಾರಿಗೆ ಕಾಳು ಕೊಟ್ಟರೆಂಬುದು ತಿಳಿಯುತ್ತಿತ್ತು.

ಈ ಶ್ರೀಮಠದ ಉಗ್ರಾಣದ ಮೇಲಂತಸ್ತಿನಲ್ಲಿಯೂ ಕೆಂಪು ವಸ್ತ್ರದಲ್ಲಿ ಸುತ್ತಿದ ಕಟ್ಟುಗಳಿವೆ. ಮಹೋತ್ಸವದ ನೆನಪಿಗೆ ಅವನ್ನು ಗಾಜಿನ ಬೀರುವಿನಲ್ಲಿಟ್ಟು ಪೂಜಿಸಬೇಕೆಂದು ಸದ್ಭಕ್ತರು ನಿಶ್ಚಯಿಸಿರುವರು. ಬೀರುವಿಗೆ ಬೀಗ ಬೀಳುವ ಮೊದಲು ಒಂದು ಸಲ ಅವನ್ನು ಬಿಚ್ಚಲು ಅನುಜ್ಞೆಯಾಗಬೇಕೆಂದು ಶ್ರೀಗಳವರಲ್ಲಿ ಭಿನ್ನವಿಸಿಕೊಂಡಿದ್ದೆನು. ನಿನ್ನೆ ಸಾಯಂಕಾಲ ಅಪ್ಪಣೆಯಾಯಿತು. ಬರುವ ಸೋಮವಾರ ಪೂಜೆ ಮುಗಿದ ಮೇಲೆ ಕೆಲಸಕ್ಕೆ ತೊಡಗುವೆವು. ಹಳಗನ್ನಡದ ಅಕ್ಷರ ಬಲ್ಲ ಹಿರಿಯರು ದಯಮಾಡಿಸಬೇಕು. ಕಣ್ಣು ಚುರುಕಾಗಿರುವ ಹುಡುಗರು ನಕಲು ಮಾಡಲು ಬರಬೇಕು. ಮಜ್ಜಿಗೆಹುಲ್ಲಿನ ಎಣ್ಣೆ, ಕಾಡಿಗೆ, ಹಳೆಯ ಮೆತ್ತನೆಯ ಅರಿವೆ, ಇವಿಷ್ಟನ್ನು ಮನೆಗಳಿಂದ ತಂದರೆ ಸಾಕು. ಕಾಗದವನ್ನು ನಾನು ತರುತ್ತೇನೆ.