ಕೆಲಸ ಸಿಕ್ಕರೆ ಸಾಲದು, ಕೆಲಸದ ಮನೆಯೂ ಬಾಳಬೇಕು!

(ಡೋಣಿಯಲ್ಲಿ ಸೇರಿದ್ದ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)

ಮಾನ್ಯ ಹಿರಿಯರೇ, ಬೆಂಗಳೂರು, ಹುಬ್ಬಳ್ಳಿ, ಗೋವೆಗಳಿಂದ ಊರಿಗೆ ಬಂದಿರುವ ನನ್ನ ತಮ್ಮಂದಿರೇ, ತಂಗಿಯರೇ,

ನಾನು ಪಿಯುಸಿವರೆಗೆ ಓದಿದವನು. ಮುಂದಿನ ಪಾಠವನ್ನೆಲ್ಲ ಪ್ರೆಸ್ಸೇ ಕಲಿಸಿತು. ಹಾಗಾಗಿ ದೊಡ್ಡ ಮಾತು ಬೇಡ. ಮಷೀನಿನ ಪಕ್ಕ ನಿಂತು ಕಂಡದ್ದನ್ನಷ್ಟೇ ಹೇಳುತ್ತೇನೆ.

ಕನ್ನಡಿಗರಿಗೆ ಕೆಲಸ ಬೇಕೆಂದು ನಾವು ಕೂಗುತ್ತ ಬಂದು ಎಷ್ಟು ವರ್ಷವಾಯಿತು! 1986ರಲ್ಲಿ ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟಿತು. ಕೇಂದ್ರದ ಉದ್ದಿಮೆಗಳಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯ ಕೆಲಸಗಳೆಲ್ಲ ಕನ್ನಡಿಗರಿಗೇ ಸಿಗಬೇಕೆಂದಿತು. 2024ರ ಜುಲೈಯಲ್ಲಿ ಖಾಸಗಿ ಉದ್ದಿಮೆಗಳಲ್ಲೂ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿತು. ಉದ್ಯಮಿಗಳು ಕಣ್ಣು ಕೆಂಪಗೆ ಮಾಡಿದರು, ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು! ಈ ಹೋರಾಟ ನಿಲ್ಲಬಾರದು. ಆದರೆ ಇದೆಲ್ಲ ಬಾಗಿಲಿನ ಮಾತು. ಬಾಗಿಲು ದಾಟಿ ಒಳಗೆ ಹೋದ ಕನ್ನಡದ ಹುಡುಗ ಅಲ್ಲಿ ಹೇಗೆ ಬದುಕುತ್ತಿದ್ದಾನೆ? ಅದನ್ನು ಕೇಳುವವರು ಯಾರು?

ಓದಲು ಬಾರದ ಎಚ್ಚರಿಕೆ

ಕಾಗದ ಕೊಯ್ಯುವ ಕಟಿಂಗ್ ಮಷೀನು ನೋಡಿದ್ದೀರಾ? ಒಂದು ಕಟ್ಟು ಹಾಳೆಯನ್ನು ಬೆಣ್ಣೆಯಂತೆ ಸೀಳುತ್ತದೆ. ಈಗಿನ ಮಷೀನುಗಳಿಗೆ ಎರಡು ಗುಂಡಿಗಳಿರುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಯಾವ ಬೆರಳೂ ಅಲಗಿನ ಕೆಳಗೆ ಇರಲಾರದು, ಅದಕ್ಕೆ ಹಾಗೆ ಮಾಡಿದ್ದಾರೆ. ಆದರೆ ಕೆಲಸ ಬೇಗ ಮುಗಿಯಲೆಂದು ಒಂದು ಗುಂಡಿಯನ್ನು ಕಟ್ಟಿಹಾಕುವವರಿದ್ದಾರೆ! ಮಷೀನಿನ ಮೇಲೆ ಎಚ್ಚರಿಕೆ ಇಂಗ್ಲಿಷಿನಲ್ಲಿ ಇರುತ್ತದೆ. ಶಾಲೆ ಬಿಟ್ಟು ಕೆಲಸಕ್ಕೆ ಬಂದವನಿಗೆ ಅದು ಏನು ಹೇಳೀತು? ‘ಎರಡೂ ಕೈಯಿಂದಲೇ ಒತ್ತಿ, ಗುಂಡಿ ಕಟ್ಟಬೇಡಿ’ ಎಂದು ದಪ್ಪ ಕನ್ನಡದಲ್ಲಿ ಬರೆದು ಅಂಟಿಸಲು ಒಂದು ಹಾಳೆ ಸಾಕು. ಕೆಲಸದ ಜಾಗದಲ್ಲಿ ಕನ್ನಡ ಬೇಕೆನ್ನುವುದು ಬರೀ ಅಭಿಮಾನವಲ್ಲ, ಅದು ಬೆರಳು ಉಳಿಸುವ ಮಾತು.

ಹಿಂದೆ ಅಚ್ಚಿನ ಮೊಳೆಗಳನ್ನು ಸೀಸದಿಂದ ಎರಕ ಹೊಯ್ಯುತ್ತಿದ್ದರು. ದಿನವಿಡೀ ಮೊಳೆ ಜೋಡಿಸಿದ ಕೈಯಲ್ಲೇ ರೊಟ್ಟಿ ಮುರಿದರೆ ಸೀಸ ಹೊಟ್ಟೆಗೆ ಇಳಿಯುತ್ತಿತ್ತು. ಮೊಳೆ ಹೋಯಿತು, ಆಫ್‌ಸೆಟ್ ಬಂತು. ಆದರೆ ರೋಲರ್ ತೊಳೆಯುವ ಎಣ್ಣೆಯ ಘಾಟು ಉಳಿಯಿತು. ಕಪ್ಪತಗುಡ್ಡದ ಗಾಳಿ ಉಂಡು ಬೆಳೆದ ಹುಡುಗರು ಕಿಟಕಿಯಿಲ್ಲದ ಕೋಣೆಯಲ್ಲಿ ಕೆಮ್ಮುತ್ತ ದುಡಿಯಬೇಕೇ? ಒಂದು ಕಿಟಕಿ, ಒಂದು ಫ್ಯಾನು, ಕೈ ತೊಳೆಯಲು ನೀರು ಮತ್ತು ಸೋಪು. ಇದಕ್ಕೆ ದೊಡ್ಡ ಬಂಡವಾಳ ಬೇಡ, ಮನಸ್ಸು ಬೇಕು.

ಕುಮಾರವ್ಯಾಸನಿಗೂ ಪಾಳಿ ಇತ್ತು!

ನಮ್ಮ ಗದುಗಿನ ಕುಮಾರವ್ಯಾಸನ ಕಥೆ ನಿಮಗೆ ಗೊತ್ತೇ ಇದೆ. ಮಿಂದು ಒದ್ದೆಬಟ್ಟೆಯಲ್ಲಿ ವೀರನಾರಾಯಣನ ಗುಡಿಯಲ್ಲಿ ಕೂತರೆ, ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದನಂತೆ. ಭಾರತ ಬರೆದವನೇ ಹೊತ್ತು ಮುಗಿದರೆ ಎದ್ದು ಹೋಗುತ್ತಿದ್ದ! ಲಗ್ನಪತ್ರಿಕೆ ಅಚ್ಚು ಹಾಕುವವನು ಏಳಬಾರದೇ?

1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ತಾಸು ಎಂದು ಗೆರೆ ಹಾಕಿತು, ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ ಎಂದಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ತಂಗಿಯರೇ, ಇದು ನಿಮ್ಮದೂ ಮಾತು. 2024ರಲ್ಲಿ ಐಟಿ ನೌಕರರನ್ನು ದಿನಕ್ಕೆ 14 ತಾಸು ದುಡಿಸುವ ಪ್ರಸ್ತಾಪ ಎದ್ದಾಗ ನೌಕರರ ಸಂಘವೇ ಬೀದಿಗಿಳಿದು ವಿರೋಧಿಸಿತು.

ಪ್ರೆಸ್ಸಿಗೆ ಲಗ್ನದ ಕಾಲ, ಚುನಾವಣೆಯ ಕಾಲ ಬಂದರೆ ರಾತ್ರಿ ಹಗಲು ಒಂದಾಗುತ್ತದೆ. ನಿಜ. ಅದಕ್ಕೆ ನಮ್ಮಲ್ಲಿ ಕಟ್ಟಳೆ ಇದೆ. ಗಿರಾಕಿಗೆ ಆಗುವ ದಿನವನ್ನೇ ಹೇಳುತ್ತೇವೆ. ರಾತ್ರಿ ದುಡಿದವನಿಗೆ ಮರುದಿನ ಸೂಟಿ. ಪಗಾರ ಏಳನೇ ತಾರೀಖು ದಾಟುವುದಿಲ್ಲ. ಅಚ್ಚಿನಲ್ಲಿ ತಪ್ಪು ಕಂಡರೆ ಹಾಳೆ ಎಣಿಸುವ ಹುಡುಗನೂ ಮಷೀನು ನಿಲ್ಲಿಸಬಹುದು, ಯಾರೂ ಬೈಯುವಂತಿಲ್ಲ. ಸಾವಿರ ಹಾಳೆ ಕೆಡುವುದಕ್ಕಿಂತ ಒಂದು ಮಾತು ಅಗ್ಗ. ಬೈಗುಳಕ್ಕೆ ಹೆದರುವ ಕಡೆ ತಪ್ಪು ಬಚ್ಚಿಟ್ಟುಕೊಂಡೇ ಗಿರಾಕಿಯ ಮನೆ ಸೇರುತ್ತದೆ!

ಕೇಳುತ್ತ ದುಡಿದವರು

ಸಂತೋಷದಿಂದ ದುಡಿಯುವುದು ಆಗುವ ಮಾತೇ ಎಂದು ನೀವು ಕೇಳಬಹುದು. ನಮ್ಮ ಕಾಸರಗೋಡಿಗೆ ತಾಗಿದ ಕಣ್ಣೂರನ್ನು ನೋಡಿ. ಬೀಡಿ ಕಾರ್ಮಿಕರ ಹಕ್ಕಿಗೆಂದು 1966ರಲ್ಲಿ ಕಾಯ್ದೆ ಬಂತು. ಅದನ್ನು ಜಾರಿ ಮಾಡಲು ಹೊರಟಾಗ ಮಂಗಳೂರು ಕಡೆಯ ಬೀಡಿ ಕಂಪನಿಗಳು ಅಲ್ಲಿನ ತಮ್ಮ ಕಾರ್ಖಾನೆಗಳಿಗೆ ಬೀಗ ಹಾಕಿದವು. ಸಾವಿರಾರು ಜನ ಬೀದಿಗೆ ಬಿದ್ದರು. ಅವರೇ ಕೂಡಿ 1969ರಲ್ಲಿ ‘ದಿನೇಶ್ ಬೀಡಿ’ ಸಹಕಾರ ಸಂಘ ಕಟ್ಟಿದರು. ಆ ನಾಡಿನ ಬೀಡಿ ಕಟ್ಟುವ ಶಾಲೆಗಳಲ್ಲಿ ಒಬ್ಬ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತ ಬೀಡಿ ಕಟ್ಟುತ್ತಿದ್ದರು. ಓದಿದವನ ಕೂಲಿ ಕೆಡದಂತೆ ಅವನ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿಕೊಡುತ್ತಿದ್ದರು. ಬೀಡಿ ಒಳ್ಳೆಯದಲ್ಲ, ಅದು ಬೇರೆ ಮಾತು. ಅದರ ಮಾರಾಟ ಇಳಿದಾಗ ಸಂಘ ಕೊಡೆ, ಆಹಾರ ಪದಾರ್ಥಗಳಿಗೆ ಕೈಹಾಕಿತು. ಸರಕಿಗಿಂತ ಸಂಘ ಗಟ್ಟಿಯಾಗಿತ್ತು!

ನಮ್ಮ ನೆಲಕ್ಕೂ ಇದು ಹೊಸದಲ್ಲ. ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರ ಸಹಕಾರ ಸಂಘ ಕಟ್ಟಿ ಸಾವುಕಾರನ ಸಾಲದಿಂದ ಬಿಡಿಸಿಕೊಳ್ಳುವ ದಾರಿ ತೋರಿದರು. ಮಾಲೀಕನ ಮುಂಗಡದ ಹಗ್ಗಕ್ಕೆ ಕೊರಳು ಕೊಟ್ಟು ನಿಂತಿರುವ ಕೆಲಸಗಾರರು ಹತ್ತು ಜನ ಕೂಡಿ ತಿಂಗಳಿಗಿಷ್ಟು ಉಳಿಸಲಾರರೇ?

ಕಡೆಯದಾಗಿ, ನನ್ನಂಥ ಕನ್ನಡದ ಮಾಲೀಕರಿಗೆ ಒಂದು ಮಾತು. ನಾವು ಶರಣರ ಕಾಯಕದ ಮಾತನ್ನು ಗೋಡೆಗೆ ಬರೆಸುತ್ತೇವೆ. ದಾಸೋಹದ ಮಾತನ್ನು ಯಾಕೆ ಬರೆಸುವುದಿಲ್ಲ? ಅಂಗಡಿಯ ಮೇಲೆ ಕನ್ನಡದ ಬೋರ್ಡು, ಒಳಗೆ ಕನ್ನಡದ ಹುಡುಗನಿಗೆ ಹನ್ನೆರಡು ತಾಸು ದುಡಿತ, ಎರಡು ತಿಂಗಳ ಪಗಾರ ಬಾಕಿ! ಇದು ಯಾವ ಕನ್ನಡ ಸೇವೆ?

ತಮ್ಮಂದಿರೇ, ತಂಗಿಯರೇ, ನಾಳೆ ಕೆಲಸಕ್ಕೆ ಹೋದಾಗ ಒಂದು ಸಲ ಸುತ್ತ ನೋಡಿ. ಅಪಾಯದ ಸೂಚನೆ ನಿಮಗೆ ಓದಲು ಬರುವ ಭಾಷೆಯಲ್ಲಿದೆಯೇ? ಪಗಾರದ ಚೀಟಿ ನಿಮಗೆ ಅರ್ಥವಾಗುತ್ತದೆಯೇ? ತಪ್ಪು ಕಂಡಾಗ ‘ನಿಲ್ಲಿಸಿ’ ಎನ್ನುವ ಧೈರ್ಯ ನಿಮಗಿದೆಯೇ? ಇಲ್ಲವಾದರೆ ಒಬ್ಬರೇ ಕೇಳಬೇಡಿ, ಕೂಡಿ ಕೇಳಿ. ಕನ್ನಡದಲ್ಲೇ ಕೇಳಿ!

ಜೈ ಕರ್ನಾಟಕ!